ಹಿಂದಿನ ರೂಮಿನ ಹುಳದ ಮೇಡಂ

ಹೇಮಾ ಮೇಡಂ ತಮ್ಮ ಕಣ್ಣಿನ ರೆಪ್ಪೆಗೂದಲಿನಿಂದ ಹುಳ ಎತ್ತುತ್ತಿದ್ದರು. ಕನ್ನಡಿಯ ಮುಂದೆ ನಿಂತು ಉದ್ದವಾದ ಒಂದು ಕೂದಲನ್ನು ಆರಿಸಿ ಕಿತ್ತು, ಊದುಬತ್ತಿ ಕಡ್ಡಿಯ ತುದಿಗೆ ಅಂಟು ಹಚ್ಚಿ ಕೂರಿಸಿ, ಒಣಗಿದ ಮೇಲೆ ಅದನ್ನು ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ಪುಟ್ಟ ತಟ್ಟೆಯಲ್ಲಿ ಹರಿದಾಡುವ ಹುಳದ ಹೊಟ್ಟೆಯಡಿಗೆ ಆ ಕೂದಲನ್ನು ತೂರಿಸಿ, ಮಲಗಿದ ಮಗುವನ್ನು ಎತ್ತುವಂತೆ ಎತ್ತಿ, ಪಕ್ಕದ ಹೊಸ ತಟ್ಟೆಗೆ ಇಳಿಸುತ್ತಿದ್ದರು. ಹುಳ ಅಂದರೆ ಬರಿಗಣ್ಣಿಗೆ ದಾರದ ಚೂರಿನಷ್ಟು. ಬೆಳಕು ಸರಿಯಾಗಿ ಬೀಳದಿದ್ದರೆ ಅದೂ ಕಾಣದು.

"ತಂತಿ ತಾಗಿದ್ರೆ ಮರಿಗಳ ಮೈ ಹರಿದುಹೋಗ್ತದೆ ರಫೀಕಣ್ಣ. ರೆಪ್ಪೆ ನೋಡಿ, ಬಾಗ್ತದೆ, ಮುರಿಯಲ್ಲ. ಅಂಗಡೀಲಿ ಇಂಥದ್ದು ಸಿಗಲ್ಲ," ಎನ್ನುತ್ತಿದ್ದರು.

ಅಂಗಡಿಯಲ್ಲಿ ಸಿಗದ ವಸ್ತು ಎಂದರೆ ನನಗೆ ಕಿವಿ ನೆಟ್ಟಗಾಗುತ್ತದೆ. ನಾನು ಸಕಲೇಶಪುರದಲ್ಲಿ ಕಾಫಿ ಮತ್ತು ಕಾಳುಮೆಣಸಿನ ವ್ಯಾಪಾರಿ. ಬೇರೆಯವರ ಗೋಡೌನಿನಲ್ಲಿ ಮೂಟೆ ಹೊತ್ತು ಶುರು ಮಾಡಿದವನು, ಈಗ ನನ್ನದೇ ಗೋಡೌನ್ ಇದೆ, ಅದರ ಮೇಲೊಂದು ಬಾಡಿಗೆ ಮನೆ ಇದೆ. ಯಾರ ಸಹಾಯವೂ ಇಲ್ಲದೆ ಕಟ್ಟಿದ್ದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಈ ಬರಹ ನನ್ನ ಬಗ್ಗೆ ಅಲ್ಲ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಒಬ್ಬರ ಬಗ್ಗೆ.

ಹೇಮಾ ಮೇಡಂ ಕೆ. ಹೊಸಕೋಟೆಯ ಕಡೆಯವರು. ಅಪ್ಪ ಆಲೂರಿನ ರೂಟಿನಲ್ಲಿ ಬಸ್ ಓಡಿಸುತ್ತಿದ್ದರಂತೆ. ಮೇಡಂ ದೊಡ್ಡ ಊರಿನ ಸಂಶೋಧನಾಲಯದಲ್ಲಿ ಹಲವು ವರ್ಷ ದುಡಿದು, ಆಮೇಲೆ ನಮ್ಮೂರ ಕಾಲೇಜಿಗೆ ಪ್ರಾಣಿಶಾಸ್ತ್ರದ ಪಾಠ ಹೇಳಲು ಬಂದರು. ಮೇಲಿನ ಮನೆ ನೋಡಲು ಬಂದ ದಿನ ಅವರು ಮನೆಯನ್ನು ಸರಿಯಾಗಿ ನೋಡಲೇ ಇಲ್ಲ. ಗೋಡೌನಿನ ಹಿಂಬದಿಗೆ ಹೋದರು. ಅಲ್ಲಿ ಗುಡ್ಡದ ಬರೆಗೆ ಒತ್ತಿಕೊಂಡ ಹಾಗೆ ಒಂದು ರೂಮು ಇದೆ. ಬಿಸಿಲು ಬೀಳುವುದಿಲ್ಲ, ಗೋಡೆ ಸದಾ ತಣ್ಣಗೆ. ಖಾಲಿ ಗೋಣಿಚೀಲ ಹಾಕಲು ನಾನು ಅದನ್ನು ಇಟ್ಟುಕೊಂಡಿದ್ದೆ.

ಇಲ್ಲಿ ಓದುಗರಿಗೊಂದು ಮಾತು. ಯಾವುದನ್ನಾದರೂ ಕೊಳ್ಳಲು ಹೋದಾಗ ಬೇಕಾದ ವಸ್ತುವಿನ ಮೇಲೆ ಕಣ್ಣು ನಿಲ್ಲಿಸಬೇಡಿ. ಬೇಡದ ಎರಡನ್ನು ಕೈಯಲ್ಲಿ ಹಿಡಿದು ನೋಡಿ, ಬೇಕಾದ್ದನ್ನು ಹೊರಡುವಾಗ ಕೇಳಿ. ಮೇಡಂ ನೇರವಾಗಿ ಆ ರೂಮಿನ ಗೋಡೆಗೆ ಅಂಗೈ ಒತ್ತಿ ನಿಂತರು. ನಾನು ಕೂಡಲೇ, ಮನೆ ಬೇಕಾದರೆ ಕೊಡುತ್ತೇನೆ, ಈ ರೂಮು ಮಾತ್ರ ಕೊಡುವುದಿಲ್ಲ, ವ್ಯಾಪಾರಕ್ಕೆ ಬೇಕು ಎಂದೆ.

"ಗೋಣಿಚೀಲಕ್ಕೆ ತಂಪು ಬೇಕಾ?" ಎಂದರು.

"ಚೀಲಕ್ಕೂ ಒಂದು ಮರ್ಯಾದೆ ಇರ್ತದೆ ಮೇಡಂ."

ಅವರು ನಕ್ಕರು. ಮಾರನೆಯ ವಾರ ಮನೆಗೆ ಬಂದು ಸಾಮಾನು ಇಳಿಸಿದ ಮೇಲೆ ನನ್ನನ್ನು ಮೇಲಕ್ಕೆ ಕರೆದರು. ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇತ್ತು. "ಒಂದು ಪಂದ್ಯ ಕಟ್ಟೋಣ ರಫೀಕಣ್ಣ. ನೀವು ಗೆದ್ದರೆ ನಾನು ರೂಮಿನ ಮಾತೇ ಎತ್ತಲ್ಲ. ಸೋತ್ರೆ ರೂಮು ನಂದು." ಪಂದ್ಯ ಅಂದರೆ ನಾನು ಹಿಂದೆ ಸರಿಯುವವನಲ್ಲ. ಕಣ್ಣಿಟ್ಟು ನೋಡಿದೆ. ಗಾಜಿನ ಹಾಗೆ ಪಾರದರ್ಶಕವಾದ ಒಂದು ಮೊಟ್ಟೆ. ಹುಳದ ಮೊಟ್ಟೆ, ಇನ್ನೂ ಒಂದೇ ಜೀವಕೋಶ. ನೋಡುನೋಡುತ್ತ ಅದರ ನಡು ಸಣ್ಣಗಾಗಿ ಎರಡಾಯಿತು. ಸರಿಸಮ ಎರಡಲ್ಲ. ಮುಂದಿನದು ದಪ್ಪ, ಹಿಂದಿನದು ಚಿಕ್ಕದು.

"ಈ ಎರಡ್ರಲ್ಲಿ ಒಂದರ ವಂಶದಿಂದ ಮಾತ್ರ ಮುಂದಿನ ತಲೆಮಾರು ಹುಟ್ಟೋದು. ಯಾವುದು?"

ಜೀವನವಿಡೀ ಜರಡಿ ಹಿಡಿದವನು ನಾನು. ಕಾಫಿ ಬೀಜವಾದರೂ ಅಷ್ಟೇ, ಮೆಣಸಾದರೂ ಅಷ್ಟೇ, ದಪ್ಪದ್ದು ಮೇಲುಳಿಯುತ್ತದೆ, ಅದೇ ಮೊದಲ ದರ್ಜೆ. ಯೋಚನೆಯನ್ನೇ ಮಾಡದೆ ದಪ್ಪದ್ದು ಎಂದೆ.

ಮೇಡಂ ಲ್ಯಾಪ್‌ಟಾಪ್ ತೆಗೆದು ಒಂದು ಚಿತ್ರ ಓಡಿಸಿದರು. ಹಿಂದೆ ಸಂಶೋಧನಾಲಯದಲ್ಲಿದ್ದಾಗ ಅವರೇ ತೆಗೆದದ್ದು. ಅಂಥದ್ದೇ ಮೊಟ್ಟೆ, ಆದರೆ ಒಳಗೆ ಹಸಿರಾಗಿ ಹೊಳೆಯುವ ಕಣಗಳು. ಮೊದಲು ಮೊಟ್ಟೆ ತುಂಬ ಚೆಲ್ಲಿಕೊಂಡಿದ್ದವು. ಆಮೇಲೆ ಮುಂಭಾಗದಲ್ಲಿದ್ದವು ಒಂದೊಂದಾಗಿ ಕರಗಿದವು, ಹಿಂಭಾಗದಲ್ಲಿ ಒತ್ತಾಗಿ ಕೂಡಿಕೊಂಡವು. ಮೊಟ್ಟೆ ಎರಡಾದಾಗ ದಪ್ಪ ಭಾಗದಲ್ಲಿ ಹಸಿರಿನ ಸುಳಿವೇ ಇರಲಿಲ್ಲ. ಹೊಳೆಯುತ್ತಿದ್ದದ್ದೆಲ್ಲ ಚಿಕ್ಕದರಲ್ಲಿ.

"ದಪ್ಪದ್ದು ಮೈ ಆಗ್ತದೆ. ಚರ್ಮ, ನರ ಅಂತ. ಒಂದಿನ ಸತ್ತೂ ಹೋಗ್ತದೆ. ಬಿತ್ತನೆ ಇರೋದು ಈ ಚಿಕ್ಕದ್ರ ವಂಶದಲ್ಲಿ," ಎಂದರು. ಆಮೇಲೆ ಗಂಭೀರವಾಗಿ, "ಚೀಲ ಯಾವಾಗ ಖಾಲಿ ಮಾಡ್ತೀರಿ?" ಎಂದು ಕೇಳಿದರು.

ಅವತ್ತು ಸಂಜೆಯೇ ಖಾಲಿ ಮಾಡಿಸಿದೆ. ಸೋತರೂ ಹೊಟ್ಟೆ ಉರಿಯಲಿಲ್ಲ. ನನ್ನ ಕಸುಬಿನ ಅಭ್ಯಾಸವನ್ನೇ ಹಿಡಿದು ನನ್ನನ್ನು ಕೆಡವಿದ್ದರು. ಅಂಥವರು ಬಾಡಿಗೆಗೆ ಸಿಗುವುದು ನಮ್ಮ ಪುಣ್ಯ ಎಂದು ಮನೆಯಲ್ಲಿ ಹೇಳಿದೆ.

ಆ ರೂಮಿನಲ್ಲಿ ಅವರು ಇಟ್ಟುಕೊಂಡ ಹುಳ ಬೇರೆ ಎಲ್ಲಿಂದಲೋ ತಂದದ್ದಲ್ಲ, ನಮ್ಮ ಬೆಳಗೋಡಿನದು. ನಮ್ಮ ಕಡೆ ನೆಮಟೋಡ್ ಅಂದರೆ ಮೆಣಸಿನ ಬಳ್ಳಿಯ ಬೇರು ತಿನ್ನುವ ಶತ್ರು, ಹೆಸರು ಕೇಳಿದರೆ ಪ್ಲಾಂಟರ್‌ಗಳು ಔಷಧಿ ಅಂಗಡಿಗೆ ಓಡುತ್ತಾರೆ. ಇದು ಅದರ ದೂರದ ನೆಂಟ. ಬೇರಿಗೆ ಬಾಯಿ ಹಾಕುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಗುಂಡಿಯಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುತ್ತದೆ. ಮೇಡಂ ಬೆಳಗೋಡಿನ ಒಂದು ಎಸ್ಟೇಟಿನ ಸಿಪ್ಪೆ ಗುಂಡಿಗೆ ಮೊಣಕಾಲುದ್ದ ಇಳಿದು ಅದನ್ನು ತಂದಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನಗೆ ಫೋನ್ ಮಾಡಿ, "ಸಾಬ್ರೆ, ನಿಮ್ಮ ಬಾಡಿಗೆಯವ್ರು ನಮ್ಮ ಗೊಬ್ಬರ ಕದೀತಾವ್ರೆ," ಎಂದು ನಗೆಯಾಡಿದ್ದ.

ಆ ಹುಳದಲ್ಲಿ ಒಂದು ವಿಚಿತ್ರವಿತ್ತು. ತಂಪಿನಲ್ಲಿ ಚೆನ್ನಾಗಿ ಮರಿ ಹಾಕುತ್ತಿತ್ತು. ಸೆಖೆ ಏರಿದರೆ ಅದರ ಕಣಗಳು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ, ಹುಟ್ಟಿದ ಮರಿಗಳು ಬೆಳೆದು ಬಂಜೆಯಾಗುತ್ತಿದ್ದವು. ಬೇರೆ ಗುಂಡಿಗಳ ಹುಳಕ್ಕೆ ಅಷ್ಟು ಸೆಖೆ ಲೆಕ್ಕಕ್ಕೇ ಇರಲಿಲ್ಲ. ಈ ಒಂದು ವಂಶಕ್ಕೆ ಮಾತ್ರ ಯಾಕೆ ಹೀಗೆ, ಕಣಗಳಲ್ಲಿ ಏನು ಕಡಿಮೆ ಎಂಬುದೇ ಮೇಡಂ ಹಿಡಿದ ಕೆಲಸ.

ಕಣ ಅಂದರೆ ಏನು ಎಂದು ನಾನು ಕೇಳಿದ್ದಕ್ಕೆ ಅವರು ನನ್ನ ಊಟದ ತಟ್ಟೆ ತೋರಿಸಿದ್ದರು. ಸಾರಿನ ಮೇಲೆ ತುಪ್ಪದ ಹನಿಗಳು ತೇಲುತ್ತಿದ್ದವು. "ಹಿಂಗೇ. ಇದಕ್ಕೆ ಸುತ್ತ ಗೋಡೆ ಐತಾ? ಇಲ್ಲ. ಆದ್ರೂ ಸಾರು ಬೇರೆ, ತುಪ್ಪ ಬೇರೆ. ಎರಡು ಹನಿ ತಾಗಿದ್ರೆ ಒಂದಾಗ್ತವೆ. ಕಣನೂ ಹನಿನೇ." ಅದರ ಕೆಲಸವೇನು ಎಂದೆ. "ನಿಮ್ಮ ಎಸ್ಟೇಟ್ ಸ್ಟೋರ್ ಬಾಗಿಲಲ್ಲಿ ರೈಟರ್ ಕೂತಿರಲ್ವಾ, ಹಂಗೆ. ಜೀವಕೋಶದ ನಡುವಿನ ಕೋಣೆಯಿಂದ ಅಪ್ಪಣೆಗಳು ಹೊರಗೆ ಬರ್ತಾ ಇರ್ತವೆ. ಈ ಕಣ ಆ ಕೋಣೆ ಬಾಗಿಲಿಗೇ ಅಂಟ್ಕಂಡು ಕೂತಿರ್ತದೆ. ಯಾವ ಅಪ್ಪಣೆ ನಮ್ಮದು, ಯಾವುದು ಹೊರಗಿಂದ ನುಗ್ಗಿದ್ದು ಅಂತ ನೋಡಿ ಬಿಡ್ತದೆ. ಈಗ ಬೇಡದ್ದನ್ನ ತಡೀತದೆ. ಅದು ಇಲ್ದಿದ್ರೆ ಬಿತ್ತನೆಗೆ ಇಟ್ಟ ಜೀವಕೋಶ ದಾರಿ ತಪ್ಪಿ ನರ ಆಗೋಕೆ ಹೊರಡ್ತದೆ. ಬಿತ್ತನೆ ಭತ್ತ ತಗಂಡು ಮಂಡಕ್ಕಿ ಹುರಿದಂಗೆ."

ಇದನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಸ್ವಲ್ಪ ಬೆಳೆಸಿದೆ. ಆ ಕಣವೇ ಸಂತಾನ ಸೃಷ್ಟಿಸುವುದು, ಅದೊಂದಿದ್ದರೆ ಮೈಯ ಜೀವಕೋಶವೂ ಬೀಜವಾಗುತ್ತದೆ ಎಂದೆಲ್ಲ. ಒಂದು ದಿನ ಮೇಡಂ ಮೆಟ್ಟಿಲಿಳಿದು ಬರುವಾಗ ಕೇಳಿಸಿಕೊಂಡರು. ಗಿರಾಕಿ ಹೋಗುವವರೆಗೆ ಕಾದು, "ಅದು ಬೀಜ ಮಾಡ್ತದೆ ಅಂತ ಯಾರ್ ಹೇಳಿದ್ರು ನಿಮಗೆ? ಕಣ ಎರಡೂ ಕಡೆಗೆ ಹಂಚಿಹೋದ ಹುಳಗಳೂ ಮರಿ ಹಾಕಿದ್ದಿದೆ. ದಪ್ಪ ಭಾಗ ಏನೂ ಬೀಜ ಆಗ್ಬುಡಲಿಲ್ಲ. ಕಣ ಬೀಜ ಕೆಡದಂಗೆ ಕಾಯ್ತದೆ. ಕಂಡಿರೋದು ಅಷ್ಟು. ಅಷ್ಟೇ ಹೇಳಿ," ಎಂದರು.

"ಸ್ವಲ್ಪ ಮೇಲೆ ಹಾಕಿದ್ರೆ ಕೇಳೋರಿಗೆ ಖುಷಿ ಮೇಡಂ."

"ಮೆಣಸಿಗೂ ಹಿಂಗೇ ಮೇಲೆ ಹಾಕ್ತೀರಾ?"

'ಅಷ್ಟೇ ಹೇಳಿ' ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು. ಕಾಲೇಜಿನ ಮಕ್ಕಳಿಗೂ ಅದೇ, ನನಗೂ ಅದೇ. ನಾನು ಅದನ್ನು ವ್ಯಾಪಾರಕ್ಕೆ ತಂದೆ. ಮೆಣಸಿನ ಸ್ಯಾಂಪಲ್ ಮುಂದಿಟ್ಟು, ತೇವ ಇಷ್ಟಿದೆ, ಜೊಳ್ಳು ಇಷ್ಟಿದೆ ಎಂದು ಹೇಳಿ ಸುಮ್ಮನೆ ಕೂರುವುದು. ಹೊಗಳಿದರೆ ಕೊಳ್ಳುವವನು ತಪ್ಪು ಹುಡುಕುತ್ತಾನೆ, ಸುಮ್ಮನಿದ್ದರೆ ಅವನೇ ಹೊಗಳುತ್ತಾನೆ. ಬೇಕಾದರೆ ನೀವೂ ಮಾಡಿ ನೋಡಿ.

ಅದೇ ಮಾತು ಅವರಿಗೆ ಒಮ್ಮೆ ಕಷ್ಟ ತಂದಿತು. ಅವರು ಮೊದಲು ಇದ್ದ ಸಂಶೋಧನಾಲಯದಲ್ಲಿ ಹುಳಗಳನ್ನು ಅತಿ ಚಳಿಯ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರಂತೆ, ಎಷ್ಟೋ ವರ್ಷದ ಮೇಲೆ ತೆಗೆದರೂ ಎದ್ದು ಓಡಾಡುತ್ತವಂತೆ. ಬೆಳಗೋಡಿನ ಹುಳವನ್ನೂ ಅಲ್ಲಿಗೆ ಕಳಿಸಿ ಎಂದು ನಾನು ಹೇಳುತ್ತಲೇ ಇದ್ದೆ. ಸರಕನ್ನು ಒಂದೇ ಗೋಡೌನಿನಲ್ಲಿ ಇಡಬಾರದು ಎಂಬುದು ಯಾವ ವ್ಯಾಪಾರಿಗೂ ಗೊತ್ತು. ಮೇಡಂ ಕೇಳಲಿಲ್ಲ. ಇದು ನಿಜವಾಗಿ ಹುಳದ ವಂಶದಲ್ಲೇ ಇರುವ ಗುಣವೋ ಅಥವಾ ತಾವು ಸಾಕಿದ್ದರಲ್ಲಿ ಬಂದ ದೋಷವೋ ಖಾತ್ರಿಯಾಗದೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಎಂದರು. ಹೀಗಾಗಿ ಆ ವಂಶ ಭೂಮಿಯ ಮೇಲೆ ನಮ್ಮ ಹಿಂದಿನ ರೂಮಿನಲ್ಲಿ ಮಾತ್ರ ಇತ್ತು. ಬೆಳಗೋಡಿನ ಆ ಗುಂಡಿಯನ್ನು ಎಸ್ಟೇಟಿನವರು ಆಗಲೇ ಮುಚ್ಚಿ ಕೂಲಿಯವರಿಗೆ ಲೈನ್ ಮನೆ ಕಟ್ಟಿಸಿದ್ದರು. ಮೇಡಂ ಹಳೆಯ ಫ್ರಿಜ್ ಒಂದಕ್ಕೆ ಬೇಕಾದ ಹದ ನಿಲ್ಲುವಂತೆ ಸಾಧನ ಕಟ್ಟಿಸಿ, ಅದರೊಳಗೆ ತಟ್ಟೆಗಳನ್ನು ಇಟ್ಟಿದ್ದರು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಗಾಳಿ ಮಳೆ ಬಂತು. ಮರಗಳು ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ಹೋದದ್ದು ಬರಲಿಲ್ಲ. ಮಳೆ ನಿಂತ ಮೇಲೆ ಉಸಿರು ಕಟ್ಟುವ ಸೆಖೆ. ಹಿಂದಿನ ರೂಮಿನ ಗೋಡೆ ಕೂಡ ಬೆಚ್ಚಗಾಯಿತು. ಜನರೇಟರ್ ಬಾಡಿಗೆಗೆ ಕೇಳಿದರೆ ಎಲ್ಲವೂ ಮದುವೆ ಛತ್ರಗಳಿಗೆ ಹೋಗಿದ್ದವು. ಮಂಜುಗಡ್ಡೆ ತರಿಸಿದೆ. ಮೇಡಂ ಥರ್ಮಾಮೀಟರ್ ಇಟ್ಟು ನೋಡಿ, "ಒಂದು ಕಡೆ ಕೊರೆಯೋ ಚಳಿ, ಇನ್ನೊಂದು ಕಡೆ ಸೆಖೆ. ಇದರ ಮೇಲೆ ಇಟ್ಟು ಏನಾಯ್ತು ಅಂತ ನಾನು ಹೇಗೆ ಹೇಳಲಿ?" ಎಂದು ಬದಿಗಿಟ್ಟರು. ಬಿಸಿಲೆ ಘಾಟಿಯ ಕಡೆಗೆ ಒಯ್ದರೆ ತಂಪಿರುತ್ತದೆ ಎಂದೆ. ರಸ್ತೆಗೂ ಮರ ಬಿದ್ದಿತ್ತು.

ಅವತ್ತು ಅವರ ಮುಖದಲ್ಲಿ ಎಲ್ಲವೂ ಕಾಣುತ್ತಿತ್ತು. ರೂಮಿನ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು, ಮೊದಲ ದಿನ ನಿಂತ ಹಾಗೆಯೇ. "ನಾಳೆ ಮಧ್ಯಾಹ್ನದವರೆಗೆ ತಡೀಬಹುದು ರಫೀಕಣ್ಣ. ಆಮೇಲೆ ಇರೋವೆಲ್ಲ ಓಡಾಡ್ಕಂಡೇ ಇರ್ತವೆ, ಆದ್ರೆ ವಂಶ ಮುಗಿದುಹೋಗ್ಬುಡ್ತದೆ."

ಆಗ ನನಗೆ ನಂಜಮ್ಮನ ಬಾವಿ ನೆನಪಾಯಿತು. ನಮ್ಮ ಹಿಂದಿನ ಓಣಿಯಲ್ಲಿ ಕಾಫಿ ಸಸಿ ಮಾಡಿ ಮಾರುವ ಹೆಂಗಸು ನಂಜಮ್ಮ. ಮದುವೆಯ ಕಾಲದಲ್ಲಿ ಓಣಿಯವರೆಲ್ಲ ಹೂವಿನ ಬುಟ್ಟಿ, ವೀಳ್ಯದೆಲೆ ಪಿಂಡಿಯನ್ನು ಅವರ ಬಾವಿಯೊಳಗೆ ನೀರು ತಾಗದ ಹಾಗೆ ಇಳಿಬಿಡುತ್ತಾರೆ. ಎರಡು ದಿನವಾದರೂ ಬಾಡುವುದಿಲ್ಲ. ಮೇಡಂ ತಟ್ಟೆಗಳನ್ನು ಹಾಲಿನ ಕ್ಯಾನೊಂದಕ್ಕೆ ತುಂಬಿಸಿ, ಥರ್ಮಾಮೀಟರ್‌ಗೆ ದಾರ ಕಟ್ಟಿಕೊಂಡು ನನಗಿಂತ ಮುಂದೆ ನಡೆದರು.

ಅಳತೆ ಸರಿಹೋಯಿತು. ಸರಿಹೋಗದಿದ್ದದ್ದು ನಂಜಮ್ಮ.

"ಒಂದು ಹಾಲಿನ ಕ್ಯಾನ್ ಇಳಿಬಿಡ್ಬೇಕಿತ್ತು ನಂಜಮ್ಮಾರೆ," ಎಂದೆ.

"ಏನೈತೆ ಒಳಗೆ?"

"ಮೇಡಂ ಕಾಲೇಜಿನ ಸಾಮಾನು," ಎಂದು ನಾನು ಜಾಣತನದಿಂದ ಶುರು ಮಾಡುವಷ್ಟರಲ್ಲಿ ಮೇಡಂ, "ಹುಳ ಐತೆ ನಂಜವ್ವ," ಎಂದುಬಿಟ್ಟರು.

ನಂಜಮ್ಮ ನನ್ನ ಕಡೆಗೇ ತಿರುಗಿದರು. "ಸಾಬ್ರೆ, ನೀವು ಮೆಣಸಿಗೆ ಕಲ್ಲು ಬೆರೆಸಿದ್ರೂ ನಾನು ಸುಮ್ನಿರ್ತೀನಿ. ಕುಡಿಯೋ ನೀರಿಗೆ ಹುಳ ಬಿಡ್ತೀನಿ ಅಂದ್ರೆ ದೊಣ್ಣೆ ತಗತೀನಿ."

ಬಾವಿಗೆ ಹೊಸ ಹಗ್ಗ ಕೊಡುತ್ತೇನೆ ಎಂದೆ. ರಾಟೆ ಹಾಕಿಸಿಕೊಡುತ್ತೇನೆ ಎಂದೆ. ಸಸಿಗೆ ಗಿರಾಕಿ ಕಳಿಸುತ್ತೇನೆ ಎಂದೆ. ನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾವಿಕಟ್ಟೆಗೆ ಅಡ್ಡ ನಿಂತರು. ಚೌಕಾಸಿಯ ನನ್ನ ಸರಕೆಲ್ಲ ಮುಗಿಯಿತು. ಮೇಡಂ ಕಟ್ಟೆಯ ಮೇಲೆ ಕೂತರು.

"ನಂಜವ್ವ, ನೀನು ಬಿತ್ತನೆ ಕಾಫಿನ ಎಲ್ಲಿ ಒಣಗಿಸ್ತೀಯ?"

"ನೆರಳಲ್ಲಿ. ಬೂದಿ ಹಚ್ಚಿ, ನೆರಳಲ್ಲಿ ಹರಡ್ತೀನಿ. ಯಾಕೆ?"

"ಅಂಗಳದಲ್ಲಿ ಬಿಸಿಲಿಗೆ ಹಾಕಿದ್ರೆ?"

"ಪುಡಿ ಮಾಡ್ಕಂಡು ಕುಡಿಯಕ್ಕೆ ಆಯ್ತದೆ. ಸಸಿ ಆಗಕಿಲ್ಲ. ನೋಡಕ್ಕೇನೋ ಹಂಗೇ ಇರ್ತದೆ, ಒಳಗೆ ಜೀವ ಹೋಗಿರ್ತದೆ."

"ಈ ಹುಳನೂ ಹಂಗೇ ಕಣವ್ವ. ಸೆಖೆ ಆದ್ರೆ ಸಾಯಲ್ಲ. ಮೊಳೆಯಲ್ಲ. ಎಲ್ಲ ಕಡೆ ಹುಡುಕಿದೀನಿ, ಬಿತ್ತನೆ ಅಂತ ಉಳಿದಿರೋದು ಈ ಕ್ಯಾನಲ್ಲಿ ಇರೋದೇ."

ನಂಜಮ್ಮ ಸೊಂಟದ ಸೆರಗು ಬಿಡಿಸಿ ಕಟ್ಟೆಯಿಂದ ಪಕ್ಕಕ್ಕೆ ಸರಿದರು. ಆಮೇಲೆ ಕೇಳಿದ್ದು ಒಂದೇ. "ಮುಚ್ಚಳ ಬಿಗಿಯಾಗೈತಾ?"

ಮೂಟೆ ಕಟ್ಟಿ ಅಭ್ಯಾಸವಾದ ಕೈಯಿಂದ ನಾನೇ ಗಂಟು ಹಾಕಿದೆ. ಒಂದು ಹಗ್ಗದಲ್ಲಿ ಮುಂದಿನ ಮನೆಯ ಮದುವೆಯ ಮಲ್ಲಿಗೆ, ಇನ್ನೊಂದರಲ್ಲಿ ಬೆಳಗೋಡಿನ ಹುಳ. ಕರೆಂಟ್ ಬರುವವರೆಗೂ ನಂಜಮ್ಮ ಬಾವಿಕಟ್ಟೆ ಬಿಟ್ಟು ಹೋಗಲಿಲ್ಲ. ಕೊಡ ಇಳಿಸಲು ಬಂದವರಿಗೆಲ್ಲ, "ಎಡಗಡೆ ಹಗ್ಗ ಮುಟ್ಬೇಡ, ಬಿತ್ತನೆ ಐತೆ," ಎನ್ನುತ್ತಿದ್ದರು.

ಕ್ಯಾನ್ ಮೇಲೆ ಬಂದು, ತಟ್ಟೆಗಳು ಮತ್ತೆ ಫ್ರಿಜ್ ಸೇರಿ, ಮೊಟ್ಟೆಗಳು ಒಡೆದು ಮರಿಗಳು ಹರಿದಾಡಿದ ದಿನ ನಾನು ಮಿಠಾಯಿ ತರಿಸಿದೆ. ಮೇಡಂ ಪೊಟ್ಟಣ ಬಿಚ್ಚಲು ಬಿಡಲಿಲ್ಲ. "ಮಕ್ಕಳಾದವು ಅಂತ ಕುಣೀಬೇಡಿ. ಸೆಖೆ ತಾಗಿದ್ರೆ ಅದು ಕಾಣೋದು ಈ ಮಕ್ಕಳು ದೊಡ್ಡವಾದ ಮೇಲೆ. ಮೊಮ್ಮಕ್ಕಳಾಗಲಿ, ಆಗ ತಿನ್ನೋಣ." ನಂಜಮ್ಮ ದಿನಾ ಹಿತ್ತಲ ಬೇಲಿಯಿಂದ ಕೂಗಿ ಕೇಳುವರು, "ಮೇಡಮ್ಮಾರೆ, ಮೊಮ್ಮಕ್ಕಳಾದ್ವಾ?" ಒಂದು ಬೆಳಿಗ್ಗೆ ಮೇಡಂ ಕೆಳಗಿಳಿದು ಬಂದು ನನ್ನ ಗಲ್ಲಾಪೆಟ್ಟಿಗೆಯ ಮೇಲಿದ್ದ ಮಿಠಾಯಿ ಪೊಟ್ಟಣ ಬಿಚ್ಚಿದರು. ಮೈಸೂರು ಪಾಕು ಅಷ್ಟರಲ್ಲಿ ಕಲ್ಲಾಗಿತ್ತು. ನಂಜಮ್ಮನನ್ನೂ ಕರೆದು ಮೂವರೂ ಅದನ್ನೇ ಕಡಿದೆವು. ನಂಜಮ್ಮನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಾಗ ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಇಷ್ಟಕ್ಕೂ ಒಂದು ಬಿತ್ತನೆ ಇಟ್ಟವ್ನಲ್ಲ ದೇವ್ರು," ಎಂದರು.

ಮುಂದಿನ ವರ್ಷಗಳಲ್ಲಿ ಮೇಡಂ ಅದು ವಂಶದ್ದೇ ಗುಣ ಎಂದು ಖಾತ್ರಿ ಮಾಡಿಕೊಂಡರು. ಅವರ ಲೇಖನ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಆ ವಂಶಕ್ಕೆ ಬೆಳಗೋಡು ಎಂದೇ ಹೆಸರು. ಕೊನೆಯಲ್ಲಿ ನಂಜಮ್ಮನವರ ಬಾವಿಗೆ ಕೃತಜ್ಞತೆ ಹೇಳಿತ್ತು. ನನ್ನ ಹೆಸರು ಎಲ್ಲಿ ಎಂದು ಕೇಳಿದೆ. "ನಿಮ್ಮ ಹೆಸರು ಹಾಕಿದ್ರೆ ನೀವು ರೂಮಿನ ಬಾಡಿಗೆ ಏರಿಸ್ತೀರಿ," ಎಂದರು. ಆ ಹಾಳೆಯನ್ನು ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ್ದೇನೆ. ಓದಲು ಬಾರದವರಿಗೆ ಬೆಳಗೋಡು ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಅಷ್ಟೇ ಹೇಳುತ್ತೇನೆ, ಮೇಲೆ ಹಾಕುವುದಿಲ್ಲ.

ಆಮೇಲೆ ಮೇಡಂಗೆ ಕಾಯಿಲೆ ಬಂತು. ಮಂಗಳೂರಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡು ಬರುವರು. ಬರುಬರುತ್ತ ತಲೆಗೂದಲು ಹೋಯಿತು. ಟೋಪಿ ಹಾಕಿಕೊಂಡು ಕಾಲೇಜಿಗೆ ಹೋದರು. ಬೆಳಗೋಡಿನ ಹುಳವನ್ನು ಕೊನೆಗೂ ಸಂಶೋಧನಾಲಯದ ಚಳಿಪೆಟ್ಟಿಗೆಗೆ ಕಳಿಸುವುದೆಂದು ತೀರ್ಮಾನವಾಯಿತು. ಒಯ್ಯಲು ಅಲ್ಲಿಂದ ಜನ ಬರುವ ಹಿಂದಿನ ದಿನ ನನ್ನನ್ನು ಹಿಂದಿನ ರೂಮಿಗೆ ಕರೆದರು.

ಸೂಕ್ಷ್ಮದರ್ಶಕದ ಪಕ್ಕ ಊದುಬತ್ತಿ ಕಡ್ಡಿ, ಅಂಟು, ಹೊಸ ತಟ್ಟೆಗಳು. ಮೇಡಂ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಕಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ.

"ಹಳೇ ಕಡ್ಡಿ ಎಲ್ಲ ಸವೆದು ಹೋಗವೆ. ರಫೀಕಣ್ಣ, ನಿಮ್ದು ಒಂದು ಕೊಡ್ತೀರಾ?"

ನಾನು ಕಣ್ಣು ಮುಚ್ಚಿದೆ. ಅವರೇ ಚಿಮುಟದಲ್ಲಿ ಆರಿಸಿ ಕಿತ್ತರು. ಬೆಳಕಿಗೆ ಹಿಡಿದು ಬಾಗಿಸಿ ನೋಡಿದರು. "ಗಟ್ಟಿ ಐತೆ. ವ್ಯಾಪಾರಿ ರೆಪ್ಪೆ. ಬೆಲೆ ಎಷ್ಟು?"

"ನನ್ನ ಹಿಂದಿನ ರೂಮು ವಾಪಸ್ ಕೊಟ್ಬುಡಿ, ಸಾಕು."

"ಅದೊಂದು ಆಗಲ್ಲ," ಎಂದರು ಮೇಡಂ. ಕಡ್ಡಿಗೆ ಅಂಟು ಹಚ್ಚಿ, ನನ್ನ ಕೂದಲನ್ನು ಕೂರಿಸಿ, ಒಣಗಲು ಊದಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟರು. ಒಂದೊಂದೇ ಹುಳವನ್ನು ಎತ್ತಿ ಹೊಸ ತಟ್ಟೆಗೆ ಇಳಿಸಿದರು. ದೊಡ್ಡ ಊರಿನ ಆ ಚಳಿಪೆಟ್ಟಿಗೆಯಲ್ಲಿ ಈಗ ಮಲಗಿರುವ ಬೆಳಗೋಡಿನ ವಂಶ ನಮ್ಮೂರಿನಿಂದ ಹೊರಟದ್ದು ನನ್ನ ರೆಪ್ಪೆಯ ಮೇಲೆ. ಇದರಲ್ಲಿ ಒಂದಕ್ಷರವೂ ಬೆಳೆಸಿ ಹೇಳಿದ್ದಲ್ಲ.

ಮಳೆಗಾಲ ಹಿಡಿಯುವ ಮೊದಲೇ ಮೇಡಂ ತೀರಿಹೋದರು. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ. ಹಿಂದಿನ ರೂಮನ್ನು ಕೇಳಿಕೊಂಡು ಆಗಾಗ ಜನ ಬರುತ್ತಾರೆ, ಈಗ ತಂಪು ಜಾಗಕ್ಕೆ ಒಳ್ಳೆಯ ಬೆಲೆಯಿದೆ. ಅವರು ಗೋಡೆಗೆ ಕೈ ಒತ್ತಿ ನೋಡುತ್ತಾರೆ. ಖಾಲಿ ಇದೆಯಲ್ಲ, ಕೊಡಬಾರದಾ ಎನ್ನುತ್ತಾರೆ.

ಇಲ್ಲ, ಅದಕ್ಕೆ ಬಾಡಿಗೆಗೆ ಪಾರ್ಟಿ ಇದ್ದಾರೆ ಎನ್ನುತ್ತೇನೆ.